ಹನ್ನೊಂದು ಶಾಲೆ, ಮೂರು ಸಹಿ

ಬುರುಲ್ ಪಾಸಾದ ಸುದ್ದಿ ಅವಳ ಬಾಯಿಂದ ಹೊರಬೀಳುವ ಮೊದಲೇ ಮಾರಾಟವಾಗಿ ಹೋಗಿತ್ತು.

ಬಿಷ್ಕೆಕ್‌ನ ಪರೀಕ್ಷಾ ಕೇಂದ್ರದ ಮೆಟ್ಟಿಲಿಳಿದು ಬಂದಾಗ ಅವಳ ಕೈಯಲ್ಲಿ ಒಂದೇ ಒಂದು ಹಾಳೆ ಇತ್ತು. ಆಗಷ್ಟೇ ಪ್ರಿಂಟರ್‌ನಿಂದ ಬಂದದ್ದು, ಇನ್ನೂ ಬೆಚ್ಚಗಿತ್ತು. ಗಂಡ ತಿಲೆಕ್ ಕಂಪನಿಯ ವ್ಯಾನಿಗೆ ಒರಗಿ ಸೂರ್ಯಕಾಂತಿ ಬೀಜ ಸುಲಿದು ಉಗಿಯುತ್ತ ನಿಂತಿದ್ದ. ಹಾಳೆ ಕಸಿದುಕೊಂಡು ನೋಡಿದ. ಅವನಿಗೆ ಅರ್ಥವಾದದ್ದು ಹೆಂಡತಿಯ ಹೆಸರು ಮತ್ತು ಪಾಸು ಎಂಬ ಒಂದು ಪದ. ಅಷ್ಟು ಸಾಕಾಯಿತು, ಫೋನು ಕಿವಿಗೆ ಹೋಯಿತು.

"ಸುಯುಂಚು, ಆಬಾ, ಸುಯುಂಚು! ಏನ್ ಕೊಡ್ತೀರ ಮೊದ್ಲು ಹೇಳಿ, ಸುದ್ದಿ ಆಮೇಲೆ!"

ಒಳ್ಳೆಯ ಸುದ್ದಿ ತಂದವನು ಹೀಗೆ ಕೂಗಿ ಉಡುಗೊರೆ ಕೇಳಬಹುದು. ಕೇಳಿಸಿಕೊಂಡವನು ಇಲ್ಲ ಎನ್ನುವಂತಿಲ್ಲ. ಆ ಕಡೆಯಿಂದ ದೊಡ್ಡ ನಗು ಕೇಳಿಸಿತು. "ನನ್ನ ಕೈಗಡಿಯಾರ ನಿಂದೇ ಅನ್ಕೋ. ಈಗ ಬಾಯ್ಬಿಡೋ ಪುಣ್ಯಾತ್ಮ."

"ಪಾಸಾದ್ಲು ಆಬಾ! ಒಂದೇ ಏಟಿಗೆ!"

ಹಾಳೆ ವಾಪಸ್ಸು ಕೊಡಲಿ ಎಂದು ಬುರುಲ್ ಕೈ ಚಾಚಿಕೊಂಡೇ ನಿಂತಿದ್ದಳು. ಊರ ದಾರಿಯ ದೊಲೊನ್ ಕಣಿವೆ ದಾಟುವವರೆಗಾದರೂ ಆ ಸುದ್ದಿ ತನ್ನೊಬ್ಬಳದೇ ಆಗಿರಲಿ ಎಂದುಕೊಂಡಿದ್ದಳು. ನಾಲ್ಕು ಗಂಟೆಗಳ ದಾರಿ. ಅಷ್ಟೂ ಸಿಗಲಿಲ್ಲ.

ಆಬಾ ಎಂದರೆ ತಿಲೆಕ್‌ನ ಚಿಕ್ಕಪ್ಪ. ನಾರಿನ್ ಊರಿಗೂ ಸುತ್ತಲಿನ ಹಳ್ಳಿಗಳಿಗೂ ಇಂಟರ್‌ನೆಟ್ ಕೊಡುವ 'ತೂ-ನೂರ್' ಕಂಪನಿ ಅವರದು. ತಿಲೆಕ್ ಅಲ್ಲಿಯ ಚಾಲಕ. ಬುರುಲ್ ಅಲ್ಲಿ ಒಂಬತ್ತು ವರ್ಷಗಳಿಂದ ಮಾಡದ ಕೆಲಸವಿಲ್ಲ. ಕಾಗದದಲ್ಲಿ ಮಾತ್ರ ಫೋನ್ ಎತ್ತುವ ಹುಡುಗಿ. ತಿಲೆಕ್, ಬುರುಲ್, ಅತ್ತೆ ಇರುವ ಮನೆಯೂ ಆಬಾನ ಅಂಗಳದಲ್ಲೇ, ಎರಡು ಬಾಗಿಲಿನಾಚೆ. ಆಬಾನ ಹೆಸರು ಬುರುಲ್ ಒಮ್ಮೆಯೂ ಉಚ್ಚರಿಸಿಲ್ಲ. ಗಂಡನ ಕಡೆಯ ಹಿರಿಯರ ಹೆಸರನ್ನು ಕೇಲಿನ್, ಅಂದರೆ ಮನೆಗೆ ಬಂದ ಸೊಸೆ, ಬಾಯಿಗೆ ತರುವುದಿಲ್ಲ. ಪಟ್ಟಣದ ಕೇಲಿನ್‌ಗಳು ಇದನ್ನೆಲ್ಲ ಬಿಟ್ಟು ಎಷ್ಟೋ ಕಾಲವಾಯಿತು. ಈ ಅಂಗಳ ಬಿಟ್ಟಿಲ್ಲ. ಆ ಹೆಸರಿನೊಳಗೆ ಅವರ ಭಾಷೆಯ ವಾರದ ಒಂದು ದಿನದ ಹೆಸರೂ ಸೇರಿಕೊಂಡಿರುವುದರಿಂದ ಆ ದಿನವೂ ಅವಳ ಬಾಯಿಗೆ ನಿಷಿದ್ಧ. ಪರೀಕ್ಷೆ ಯಾವಾಗ ಎಂದು ಕೇಳಿದವರಿಗೆಲ್ಲ ಅವಳು ಹೇಳಿದ್ದು, "ಶುಕ್ರವಾರದ ಹಿಂದಿನ ದಿನ."

ನಗಬೇಡಿ. ಒಂಬತ್ತು ವರ್ಷ ಹಾಗೆ ಹೇಳಿದ ಮೇಲೆ ವಾರಕ್ಕೆ ಆರೇ ದಿನ ಎನಿಸಿಬಿಡುತ್ತದೆ.

ಇಂಟರ್‌ನೆಟ್ ಜಾಲ ಕಟ್ಟುವವರ ಆ ಪರೀಕ್ಷೆಗೆ ಅವಳು ಎರಡು ಚಳಿಗಾಲ ಓದಿದ್ದಳು. ಬೆಳಗ್ಗೆ ಹಸು ಕರೆದು, ಹಾಲು ಕಾಯಲು ಇಟ್ಟು, ಅದು ಉಕ್ಕುವವರೆಗಿನ ಹೊತ್ತು ಅವಳದು. ರಷ್ಯನ್ ಪುಸ್ತಕವೊಂದರ ನೆರಳಚ್ಚು ಪ್ರತಿ, ಬೆನ್ನು ಕಿತ್ತುಹೋಗಿ ರಬ್ಬರ್ ಬ್ಯಾಂಡಿನಲ್ಲಿ ಬದುಕಿತ್ತು. ಯಾವ ಕಾಲೇಜೂ ಅವಳಿಗೆ ಇದನ್ನು ಕಲಿಸಲಿಲ್ಲ. ಮೊದಲ ವರ್ಷ ಕಚೇರಿ ಗುಡಿಸುವಾಗ ಎಂಟು ಎಳೆಯ ತಂತಿಯನ್ನು ಕನೆಕ್ಟರಿಗೆ ಕೂರಿಸುವುದನ್ನು ನೋಡಿ ಕಲಿತಳು. ಎರಡನೇ ವರ್ಷ ಅದನ್ನು ಮಾಡುತ್ತಿದ್ದ ಗಂಡಸರು ತಪ್ಪು ಮಾಡಿದಾಗ ತಿದ್ದಿದಳು. ಮೂರನೇ ವರ್ಷದಿಂದ ಅವರು ಚಹಾ ಕುಡಿಯುತ್ತ ಕುಳಿತರು, ಇವಳು ಛಾವಣಿ ಹತ್ತಿದಳು.

ಪರೀಕ್ಷಾ ಕೋಣೆಯಲ್ಲಿ ಅವಳ ತಲೆವಸ್ತ್ರ ಬಿಚ್ಚಿಸಿ ನೋಡಿದರು, ಜೇಬು ಹೊರಗೆಳೆಸಿದರು. ಬರೆದು ಅಳಿಸುವ ಒಂದು ಹಲಗೆ ಕೊಟ್ಟರು. ಒಂದು ಪ್ರಶ್ನೆಗೆ ಉತ್ತರಿಸಿ ಮುಂದಕ್ಕೆ ಹೋದರೆ ಹಿಂದಿರುಗಿ ತಿದ್ದುವಂತಿಲ್ಲ ಎಂದರು. ಅದು ಅವಳಿಗೆ ಹೊಸದೆನಿಸಲಿಲ್ಲ, ಮದುವೆಯೂ ಹಾಗೇ ಆಗಿತ್ತು. ಜಾಲದ ಕಂಪ್ಯೂಟರುಗಳ ವಿಳಾಸಗಳನ್ನು ಭಾಗ ಮಾಡುವ ಲೆಕ್ಕ ಬಂದಾಗ ತಾನು ಓದಿದ ಕರಾ-ಬುಲುಂಗ್ ಶಾಲೆಯ ಕಲಿಪಾ ಟೀಚರು ನೆನಪಾದರು. ನದಿಯ ಬೆಣಚುಕಲ್ಲುಗಳನ್ನು ನೆಲದ ಮೇಲೆ ಎರಡು, ನಾಲ್ಕು, ಎಂಟು, ಹದಿನಾರು ಎಂದು ಇಡಿಸಿದವರು ಅವರು. ಇವಳು ಹಲಗೆಯ ಮೇಲೆ ಸಂಖ್ಯೆ ಬರೆಯಲಿಲ್ಲ, ಕಲ್ಲು ಬಿಡಿಸಿದಳು. ಎಲ್ಲಕ್ಕಿಂತ ಸುಲಭದ ಪ್ರಶ್ನೆ ಒಂದಿತ್ತು: ಜಾಲ ಕೆಲಸ ಮಾಡುತ್ತಿಲ್ಲ, ಮೊದಲು ಏನು ನೋಡುತ್ತೀರಿ? ಉತ್ತರ ಒಂಬತ್ತು ವರ್ಷಗಳಿಂದ ಅವಳ ಮೈಯಲ್ಲೇ ಇತ್ತು. ತಂತಿ ಇದೆಯೇ ಎಂದು ನೋಡು.

ಶುಕ್ರವಾರ ಮಧ್ಯಾಹ್ನ ಅವಳು ಕಚೇರಿಗೆ ಹೋದಾಗ ಹಾಳೆ ಆಗಲೇ ಗಾಜಿನ ಚೌಕಟ್ಟಿನೊಳಗೆ ಸೇರಿ, ಆಬಾನ ಕುರ್ಚಿಯ ಹಿಂದೆ, ಅವರು ಬೇಟೆಯಾಡಿದ ಕಾಡುಮೇಕೆಯ ಕೊಂಬಿನ ಪಕ್ಕದಲ್ಲಿ ನೇತಾಡುತ್ತಿತ್ತು.

"ಆಬಾ, ಆ ಹಾಳೆ ನನ್ಹತ್ರ ಇದ್ರೆ..."

"ನಿನ್ಹತ್ರ ಇಟ್ಕೊಂಡು ಏನ್ ಮಾಡ್ತೀಯಮ್ಮ, ಹಸುಗೆ ತೋರಿಸ್ತೀಯ?" ಆಬಾ ನಕ್ಕರು. ಅವರು ಕೆಟ್ಟದಾಗಿ ನಗುವವರಲ್ಲ. ತುಂಬ ಪ್ರೀತಿಯಿಂದ ನಗುತ್ತಾರೆ, ಅದೇ ಕಷ್ಟ. "ಇಲ್ಲಿರ್ಲಿ. ಬಂದೋರೆಲ್ಲ ನೋಡ್ಲಿ. ನಾಳೆ ಮಧ್ಯಾಹ್ನ ಕುರಿ ಬೀಳುತ್ತೆ ನಿನ್ನ ಹೆಸರಲ್ಲಿ. ನಮ್ಮನೇಲಿ ಯಾವ ಗಂಡಸಿಗೂ ಇಷ್ಟು ಮರ್ಯಾದೆ ಸಿಕ್ಕಿಲ್ಲ, ಗೊತ್ತಾಯ್ತ?"

ಗೊತ್ತಾಯಿತು. ಅವಳಿಗೆ ನಿಜಕ್ಕೂ ಸಂತೋಷವಾಯಿತು, ಅದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ. ಇನ್ನು ಮುಂದೆ ತನ್ನನ್ನು ಇಂಜಿನಿಯರ್ ಎಂದು ಬರೆಯುತ್ತಾರೆ, ಚಳಿಗಾಲಕ್ಕೆ ಮೊದಲು ಕರಾ-ಬುಲುಂಗ್‌ಗೆ ತಾನೇ ತಂತಿ ಎಳೆಯಬಹುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದಳು. ಎಷ್ಟು ಕಂಬ, ಎಷ್ಟು ಸುರುಳಿ, ನದಿ ದಾಟಿಸುವುದು ಎಲ್ಲಿ.

ಶನಿವಾರ ಅಂಗಳದಲ್ಲಿ ಜಮಖಾನೆ ಹಾಸಿದರು. ಬಂಧುಗಳು, ಕಚೇರಿಯವರು, ನೆರೆಯವರು ಸೇರಿ ನಲವತ್ತು ಜನ. ತನ್ನದೇ ಹಬ್ಬಕ್ಕೆ ಬುರುಲ್ ಬೆಳಗ್ಗೆ ಐದಕ್ಕೆ ಎದ್ದು ಹಿಟ್ಟು ನಾದಿದಳು, ಬೋರ್ಸೊಕ್ ಕರಿದಳು, ಕುರಿಯ ಕರುಳು ತೊಳೆದಳು. ಯಾರಿಗೂ ಅದರಲ್ಲಿ ತಮಾಷೆ ಕಾಣಲಿಲ್ಲ. ಅತ್ತೆ ಚಹಾ ಕಾಯಿಸುವ ಸಮೋವರ್‌ಗೆ ಕೆಂಡ ಹಾಕುತ್ತ, "ಇಂಜಿನಿಯರ್ರೇ, ಉಪ್ಪು ಕಮ್ಮಿಯಾಗಿದೆ" ಎಂದರು. ಹೊಗಳಿದರೋ ಕುಟುಕಿದರೋ ಅವರಿಗೇ ಗೊತ್ತಿರಲಿಕ್ಕಿಲ್ಲ.

ಬೇಕರಿಯಿಂದ ಒಂದು ಕೇಕು ಬಂತು. ಅದರ ಮೇಲೆ ಕ್ರೀಮಿನಲ್ಲಿ ಒಂದು ತಂತಿಯ ತುದಿ ಬರೆದಿದ್ದರು, ಎಂಟು ಎಳೆ, ನಾಲ್ಕು ಬಣ್ಣ. ಕಿತ್ತಳೆ ಪಕ್ಕ ಕಿತ್ತಳೆ, ಹಸಿರು ಪಕ್ಕ ಹಸಿರು, ನೀಲಿ ಪಕ್ಕ ನೀಲಿ, ಅಚ್ಚುಕಟ್ಟಾಗಿ ಜೋಡಿ ಜೋಡಿ. ಬುರುಲ್ ಒಬ್ಬಳೇ ನಕ್ಕಳು. ಹಸಿರಿನ ಜೋಡಿಯನ್ನು ಬಿಡಿಸಿ ನಡುವೆ ನೀಲಿ ಕೂರಿಸದಿದ್ದರೆ ತಂತಿ ನೋಡಲು ಚೆಂದ, ಪುಟ್ಟ ದೀಪವೂ ಹೊತ್ತಿಕೊಳ್ಳುತ್ತದೆ, ಮಾತು ಮಾತ್ರ ನೆಟ್ಟಗೆ ದಾಟುವುದಿಲ್ಲ. ಪ್ರತಿ ಹೊಸಬನೂ ಮಾಡುವ ತಪ್ಪು ಇದೇ.

"ಏನ್ ಕೇಲಿನ್, ಕೇಕ್ ನೋಡಿ ನಗ್ತೀಯ?" ಅತ್ತೆ ಕೇಳಿದರು.

"ಚೆನ್ನಾಗಿದೆ ಆಪಾ."

ಮಾಂಸ ಹಂಚಿದರು. ಹಿರಿಯರಿಗೆ ಸಲ್ಲುವ ತುಂಡು ಹಿರಿಯರಿಗೆ ಹೋಯಿತು. ಬಾಣಲೆಯ ಹತ್ತಿರವೇ ನಿಂತಿದ್ದ ಬುರುಲ್‌ಳನ್ನು ಆಬಾ ಕೈಬೀಸಿ ಕರೆದರು, ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಕಸೂತಿ ಹಾಕಿದ ಮಖಮಲ್ ನಿಲುವಂಗಿ, ಚಪಾನ್, ತರಿಸಿ ಅವಳ ಹೆಗಲ ಮೇಲೆ ಹೊದಿಸಿದರು. ಜೂನ್ ತಿಂಗಳ ನಡುಹಗಲಲ್ಲಿ ಅದು ಕಂಬಳಿಯಂತೆ ಬೇಯಿಸಿತು. ಹೊದಿಸಿದ ಚಪಾನನ್ನು ಅವರೆದುರಿಗೇ ತೆಗೆಯುವುದು ಮುಖಕ್ಕೆ ಉಗಿದಂತೆ. ಅವಳು ಬೆವರುತ್ತ ಕುಳಿತಳು. ತಿಲೆಕ್ ದೂರದಲ್ಲಿ ಹೊಸ ಗಡಿಯಾರದ ಕೈ ಎತ್ತಿ ಎತ್ತಿ ಹುಳಿ ಬಂದ ಕುದುರೆ ಹಾಲು, ಕುಮಿಸ್, ಕುಡಿಯುತ್ತಿದ್ದ.

ಆಮೇಲೆ ಆಬಾ ಎರಡೂ ಅಂಗೈ ತೆರೆದರು. ನಲವತ್ತು ಜನರೂ ತೆರೆದರು. ಹಾರೈಕೆಯ ಹೊತ್ತು.

"ನಮ್ಮ ಕೇಲಿನ್ ಕೈ ಒಳ್ಳೇ ಕೈ ಆಗ್ಲಿ. ಆ ಕೈಯಿಂದ ಹನ್ನೊಂದು ಶಾಲೆಗೆ ಬೆಳಕು ಹೋಗ್ಲಿ. ಅವಳು ಸಹಿ ಹಾಕಿದ್ದೆಲ್ಲ ನಿಜವಾಗ್ಲಿ. ಈ ಅಂಗಳ ಬಿಟ್ಟು ಅವಳ ಕಾಲು ಹೊರಗೆ ಹೋಗದಿರ್ಲಿ. ಓಮಿನ್!"

"ಓಮಿನ್!"

ಬುರುಲ್ ಕೈಗಳೂ ಮುಖ ಸವರಿ ಕೆಳಗಿಳಿದವು. ಹುಟ್ಟಿದಾಗಿನಿಂದ ಕಲಿತ ಕೈ ಅದು, ಯಾರನ್ನೂ ಕೇಳುವುದಿಲ್ಲ. ಬಾಯಿಯೂ ಓಮಿನ್ ಎಂದಿತು. ಕೈ ಮಡಿಲಿಗೆ ಬಂದು ಬಿದ್ದ ಮೇಲೆ ಅವಳ ತಲೆ ಆ ಮಾತುಗಳನ್ನು ಒಂದೊಂದಾಗಿ ಕೇಳಿಸಿಕೊಂಡಿತು. ಹನ್ನೊಂದು ಶಾಲೆ?

ಚಹಾ ಬರುವ ಮೊದಲು ನೀಲಿ ಕಡತ ಬಂತು.

"ಸೋಮವಾರ ಬಿಷ್ಕೆಕ್‌ನಿಂದ ಅಧಿಕಾರಿ ಬರ್ತಾನೆ," ಆಬಾ ಕಡತವನ್ನು ಅವಳ ಮಡಿಲಲ್ಲಿಟ್ಟರು. "ಸರ್ಕಾರದ ಶಾಲೆ ಕೆಲಸ. ಪ್ರತಿ ಶಾಲೆಗೊಂದು ಹಾಳೆ. ಪರೀಕ್ಷೆ ಪಾಸಾದೋರ ಸಹಿನೇ ಬೇಕಂತೆ, ಕೆಳಗೆ ಆ ಹಾಳೆ ನಂಬರ್ ಬರೀಬೇಕಂತೆ. ಇಡೀ ನಾರಿನ್‌ನಲ್ಲಿ ಅಂಥವರು ಯಾರಿದ್ರು? ಯಾರೂ ಇಲ್ಲ. ಈಗ ನೀನಿದೀಯ. ನಿಧಾನಕ್ಕೆ ಹಾಕು, ಅವಸರ ಇಲ್ಲ. ಮೊದ್ಲು ಮಾಂಸ ತಿನ್ನು."

ಅವಳು ಹಾಳೆ ತಿರುವಿದಳು. ತಂತಿ ಎಳೆಯಲಾಗಿದೆ, ಉಪಕರಣ ಅಳವಡಿಸಲಾಗಿದೆ, ಪರೀಕ್ಷಿಸಲಾಗಿದೆ, ಮಕ್ಕಳು ಬಳಸುತ್ತಿದ್ದಾರೆ. ಹನ್ನೊಂದು ಹಾಳೆಯಲ್ಲೂ ಅದೇ ಅಚ್ಚಿನ ಸಾಲುಗಳು. ಮೂರು ಶಾಲೆಗಳ ತಂತಿ ಅವಳೇ ಎಳೆದದ್ದು, ಅವಳ ಅಂಗೈಯ ಗಾಯದ ಗುರುತು ಇನ್ನೂ ಇದೆ. ನಾಲ್ಕು ಶಾಲೆಗಳಲ್ಲಿ ಗೋಡೆಗೆ ಇಂಟರ್‌ನೆಟ್ ಡಬ್ಬಿ ಹೊಡೆದು, ಕರೆಂಟು ಕೊಟ್ಟು, ಹಸಿರು ದೀಪ ಹೊತ್ತಿಸಿದ್ದಾರೆ. ಡಬ್ಬಿಯ ಹಿಂದೆ ಗೋಡೆ ಬಿಟ್ಟರೆ ಇನ್ನೇನೂ ಇಲ್ಲ. ಉಳಿದ ನಾಲ್ಕರಲ್ಲಿ ಡಬ್ಬಿಯೂ ಇಲ್ಲ. ಹನ್ನೊಂದನೆಯ ಹಾಳೆ ಕರಾ-ಬುಲುಂಗ್.

ಅವಳನ್ನು ಬಿಷ್ಕೆಕ್‌ಗೆ ಕಳಿಸಿದ್ದು ಏಕೆಂದು ಅವಳಿಗೆ ಹೊಳೆದದ್ದು ಆಗ. ಎರಡು ಚಳಿಗಾಲದ ಓದು, ಹಾಲು ಉಕ್ಕುವವರೆಗಿನ ಆ ಹೊತ್ತು, ಹಲಗೆಯ ಮೇಲಿನ ಕಲ್ಲುಗಳು, ಎಲ್ಲ ಸೇರಿ ಒಂದು ಮೊಹರು ತಯಾರಾಗಿತ್ತು. ಮೊಹರಿಗೆ ಮಖಮಲ್ ಹೊದಿಸಿ ಕೂರಿಸಿದ್ದರು.

"ಆಬಾ, ಕರಾ-ಬುಲುಂಗ್‌ಗೆ ಕಂಬನೇ ಇಲ್ಲ."

"ಹಾಕೋಣಮ್ಮ. ಬೇಸಿಗೆ ಇನ್ನೂ ಇದೆ."

"ಹಾಕಿದ್ಮೇಲೆ ಸಹಿ ಹಾಕ್ತೀನಿ."

ಆಬಾ ಅವಳ ತಲೆ ಸವರಿದರು. ದನಿ ತಗ್ಗಿಸಿ, ಮುಖದ ನಗು ಮಾತ್ರ ಹಾಗೇ ಇಟ್ಟುಕೊಂಡು ಹೇಳಿದರು: "ನಲವತ್ತು ಜನರ ಮುಂದೆ ಓಮಿನ್ ಅಂದಿದೀಯ. ನಾನೇನು ನಿನ್ನ ಬಾಯಿ ಹಿಡಿದು ಅನ್ನಿಸಿದ್ನಾ?"

ಅಷ್ಟರಲ್ಲಿ ಅವಳ ಫೋನು ಕುಣಿಯಿತು. ಕಲಿಪಾ ಟೀಚರು. ಕರಾ-ಬುಲುಂಗ್‌ನಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಊರ ಹಿಂದಿನ ದಿಬ್ಬದ ಮೇಲೆ ಮಾತ್ರ. ತಿಂಗಳ ವರದಿ ಕಳಿಸಲೂ ಅವರು ಅಲ್ಲಿಗೇ ಹತ್ತುತ್ತಾರೆ, ಅರವತ್ತರ ಮಂಡಿ ಹಿಡಿದುಕೊಂಡು. ಗಾಳಿಯ ಸದ್ದಿನ ನಡುವೆ ಕೂಗಿದರು.

"ಬುರುಲ್! ಪಾಸಂತೆ! ಕುರಿ ಕಾಯೋರು ಹೇಳಿದ್ರು! ಅಯ್ಯೋ ನನ್ನ ಬಂಗಾರ, ಕಲ್ಲು ಎಣಿಸ್ತಿದ್ದವಳು!"

"ಹೌದು ಎಜೆ." ಟೀಚರನ್ನು ಅವಳು ಅಕ್ಕ ಎಂದೇ ಕರೆಯುವುದು.

"ಈಗ ನಮ್ಮ ಕಡೆ ಬರ್ತೀಯ ತಾನೇ? ಪುಸ್ತಕದ ಬೀರು ಮೇಲಿದ್ದ ಭೂಗೋಳ ತೆಗೆಸಿ, ಒರೆಸಿ ಇಟ್ಟಿದೀನಿ. ಆ ಡಬ್ಬಿ ಇಡೋಕೆ ಅಷ್ಟು ಜಾಗ ಸಾಕಾ?"

"ಸಾಕು ಎಜೆ."

"ಜೋರಾಗಿ ಮಾತಾಡೇ, ಗಾಳಿ!"

"ಸಾಕು!"

ಕಡತ ಅವಳ ಮಡಿಲಲ್ಲೇ ಇತ್ತು. ಕರಾ-ಬುಲುಂಗ್ ಮಕ್ಕಳು ಬಳಸುತ್ತಿದ್ದಾರೆ ಎಂದು ಅದರಲ್ಲಿ ಬರೆದಿತ್ತು.

ಭಾನುವಾರ ಇಡೀ ದಿನ ಮನೆಯವರು ಅವಳನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅತ್ತೆ ಎಂದಿಲ್ಲದ ಹಾಗೆ ಕೆನೆ ತೆಗೆದಿಟ್ಟು ಕೊಟ್ಟರು. ತಿಲೆಕ್ ಬೇಲಿಯ ಬಳಿ ಅವಳ ಪಕ್ಕ ಬಂದು ಕುಳಿತ.

"ಎಲ್ರೂ ಹಾಕ್ತಾರೆ ಬುರುಲ್. ಆ ಡಾಕ್ಟ್ರು ಹಾಕಲ್ವ? ರಸ್ತೆಯವ್ರು ಹಾಕಲ್ವ? ಅದು ಕಾಗದ ಅಷ್ಟೆ."

"ಕಾಗದ ಅಷ್ಟೆ ಅಂತೀರ. ಕಾಗದದಲ್ಲಿ ತಂತಿ ಬಂತು ಅಂದ್ಮೇಲೆ ಆ ಊರಿಗೆ ನಿಜವಾದ ತಂತಿ ಯಾಕೆ ಕಳಿಸ್ತಾರೆ? ಟೀಚರು ಅರ್ಜಿ ಬರೆದ್ರೆ, ನಿಮಗೆ ಆಗಲೇ ಇದೆಯಲ್ಲ ಅಂತಾರೆ. ಸಾಯೋವರೆಗೂ ದಿಬ್ಬ ಹತ್ತಬೇಕು ಅವರು. ನನ್ನ ಸಹಿಯಿಂದ."

"ನೀನು ಹಾಕದಿದ್ರೆ ನಾವೆಲ್ಲಿಗೆ ಹೋಗೋದು?" ತಿಲೆಕ್ ಕೇಳಿದ್ದು ಜಗಳಕ್ಕಲ್ಲ, ನಿಜವಾಗಿ ಕೇಳಿದ. "ವ್ಯಾನ್ ಆಬಾದು. ಬಾಗಿಲು ಆಬಾದು. ಅಮ್ಮನ್ನ ಈ ವಯಸ್ಸಲ್ಲಿ ಎಲ್ಲಿಗೆ ಕರ್ಕೊಂಡು ಹೋಗ್ಲಿ?"

"ನೀವು ಆ ಗಡಿಯಾರ ತಗೋಬಾರ್ದಿತ್ತು."

"ಸುಯುಂಚು ಅದು! ಸುಯುಂಚು ಯಾರಾದ್ರೂ ವಾಪಸ್ ಕೊಡ್ತಾರಾ?"

ಕೊಡುವುದಿಲ್ಲ. ಚಪಾನನ್ನೂ ಕೊಡುವುದಿಲ್ಲ, ಓಮಿನ್ ಎಂದದ್ದನ್ನೂ ಹಿಂತೆಗೆದುಕೊಳ್ಳುವುದಿಲ್ಲ. ನಮ್ಮಲ್ಲಿ ಒಬ್ಬರನ್ನು ಕಟ್ಟಿಹಾಕಲು ಹಗ್ಗ ಬೇಕಿಲ್ಲ, ಮರ್ಯಾದೆ ಸಾಕು. ಬಲವಂತ ಮಾಡಿದವನ ವಿರುದ್ಧ ದೂರು ಕೊಡಬಹುದು. ಪಕ್ಕದಲ್ಲಿ ಕೂರಿಸಿಕೊಂಡು ಮಾಂಸದ ಒಳ್ಳೇ ತುಂಡು ಕೊಟ್ಟವನ ಮೇಲೆ ಯಾವ ಕಚೇರಿಗೆ ಹೋಗಿ ಏನೆಂದು ಹೇಳುವುದು?

ಸಂಜೆ ಬಿಸಿಲು ಇರುವಾಗಲೇ ಅವಳು ಕಡತ ತೆರೆದು ಮೂರು ಹಾಳೆಗೆ ಸಹಿ ಹಾಕಿದಳು. ಚೆಂದವಾಗಿಯೇ ಬಂತು. ನಾಲ್ಕನೆಯ ಹಾಳೆಯ ಮೇಲೆ ಪೆನ್ನು ಇಟ್ಟು ಬಹಳ ಹೊತ್ತು ಕುಳಿತಳು. ಶಾಯಿ ಒಂದು ಚುಕ್ಕಿಯಾಗಿ ಹರಡಿತು. ಕಡತ ಮುಚ್ಚಿ, ದಾರ ಕಟ್ಟಿ, ಆಬಾನ ಮನೆಯ ಹೊಸ್ತಿಲಲ್ಲಿಟ್ಟು ಬಂದಳು. ಬಿಚ್ಚಿ ನೋಡುತ್ತಾರೆ, ಕೂಗುತ್ತಾರೆ ಎಂದು ಕಾದಳು. ಯಾರೂ ಕೂಗಲಿಲ್ಲ. ಓಮಿನ್ ಎಂದ ಕೇಲಿನ್‌ನ ಸಹಿಯನ್ನು ಯಾರು ಎಣಿಸುತ್ತಾರೆ?

ಸೋಮವಾರ ಅಧಿಕಾರಿ ಬಂದ. ನಲವತ್ತರ ಆಸುಪಾಸಿನ, ನಿದ್ದೆಗೆಟ್ಟ ಮುಖದ ಮನುಷ್ಯ. ಈ ವಾರದಲ್ಲಿ ಅವನಿಗಿದು ಮೂರನೇ ಜಿಲ್ಲೆ. ಯಾವ ಶಾಲೆಯನ್ನೂ ನೋಡುತ್ತೇನೆಂದು ಅವನು ಹೇಳಲಿಲ್ಲ, ನೋಡಿ ಎಂದು ಯಾರೂ ಅನ್ನಲಿಲ್ಲ. ನೇರವಾಗಿ ಆಬಾನ ದೊಡ್ಡ ಕೋಣೆಗೆ, ಮಾಂಸದ ಮುಂದೆ. ಬುರುಲ್‌ಗೆ ಚಪಾನ್ ಹಾಕಿಕೊಂಡೇ ಬರಲು ಹೇಳಿದ್ದರು. ಅವಳು ಬಾಗಿಲ ಬಳಿ ಕುಳಿತು ಚಹಾ ಬಗ್ಗಿಸಿ ಕೊಡುತ್ತಿದ್ದಳು, ಒಂದೊಂದು ಬಟ್ಟಲಿಗೂ ಅರ್ಧದಷ್ಟೇ. ಅತ್ತೆ ಪಕ್ಕದಲ್ಲಿದ್ದರು. ತಿಲೆಕ್ ಗೋಡೆಗೊರಗಿದ್ದ.

ಅಧಿಕಾರಿ ಬೆರಳು ಒರೆಸಿಕೊಂಡು ಕಡತ ಬಿಚ್ಚಿದ. ತಿರುವಿದ. ಮತ್ತೆ ತಿರುವಿದ.

"ಬಾಯ್ಕೆ," ಎಂದ, ಅಣ್ಣ ಎನ್ನುವ ಹಾಗೆ. "ಇದರಲ್ಲಿ ಎಂಟಕ್ಕೆ ಸಹಿ ಇಲ್ಲ."

ಆಬಾನ ಬಾಯಿಯಲ್ಲಿ ತುತ್ತು ಇತ್ತು. ಅದನ್ನು ನುಂಗಿಯೇ ನಕ್ಕರು. "ಮರೆತಿದಾಳೆ ಬಿಡಿ. ಸಂತೋಷಕ್ಕೆ ತಲೆ ನಿಂತಿಲ್ಲ ಪಾಪ. ಪರೀಕ್ಷೆ ಪಾಸಾಗಿ ಇನ್ನೂ ನಾಲ್ಕು ದಿನ. ತಗೋ ಮಗಳೇ."

ಪೆನ್ನು ಕೈಯಿಂದ ಕೈಗೆ ದಾಟುತ್ತ ಬಂತು. ಆಬಾನಿಂದ ತಿಲೆಕ್‌ಗೆ, ತಿಲೆಕ್‌ನಿಂದ ಅತ್ತೆಗೆ, ಅತ್ತೆಯಿಂದ ಬುರುಲ್‌ಗೆ. ಅವಳು ಪೆನ್ನನ್ನು ಚಹಾದ ತಟ್ಟೆಯ ಮೇಲೆ ಇಟ್ಟಳು.

"ಅಲ್ಲಿ ತಂತಿ ಇಲ್ಲ."

"ಏನಂದ್ರಿ?"

"ಆ ಎಂಟರಲ್ಲಿ ತಂತಿ ಇಲ್ಲ. ನಾಲ್ಕು ಕಡೆ ಖಾಲಿ ಡಬ್ಬಿ, ನಾಲ್ಕು ಕಡೆ ಅದೂ ಇಲ್ಲ. ಪರೀಕ್ಷೆಯಲ್ಲಿ ಅದನ್ನೇ ಕೇಳಿದ್ರು. ಮೊದ್ಲು ತಂತಿ ಇದೆಯಾ ನೋಡಿ ಅಂತ."

ಅಧಿಕಾರಿ ಕಣ್ಣುಜ್ಜಿಕೊಂಡ. ಅವನು ಧರ್ಮಾತ್ಮನೇನೂ ಅಲ್ಲ. ಅವನಿಗೆ ಬೇಕಾದದ್ದು ತನ್ನ ತಲೆಗೆ ಬರದ ಕಾಗದ, ಅಷ್ಟೆ.

"ನೋಡಿ, ನಂಗೆ ಇದೆಲ್ಲ ಬೇಡ. ಸಹಿ ಇದ್ರೆ ಸರಿ. ಇಲ್ದೆ ಇದ್ರೆ ಕಾರಣ ಬರ್ಕೊಂಡು ಹೋಗ್ಬೇಕು. ಕೆಲಸ ಆಗಿದೆ ಅಂತ ಇಲ್ಲಿ ಅಚ್ಚಾಗಿದೆ. ನೀವು ಆಗಿಲ್ಲ ಅಂತೀರ. ಹಾಗಾದ್ರೆ ಆಗಿದೆ ಅಂತ ಬರೆಸಿದ್ದು ಯಾರು?"

"ಆಬಾ."

"ಆಬಾ ಅಂತ ಬರೆಯೋಕಾಗುತ್ತಾ? ಈ ದೇಶದಲ್ಲಿ ಅರ್ಧ ಜನ ಯಾರಿಗೋ ಒಬ್ಬರಿಗೆ ಆಬಾನೇ. ಹೆಸರು ಹೇಳಿ."

ಆಬಾ ನಗುತ್ತಲೇ ಇದ್ದರು. ಈಗ ಆ ನಗು ಬೇರೆಯಾಗಿತ್ತು, ಬಾಗಿಲು ಹಾಕಿದೆ ಎಂದು ತಿಳಿದವನ ನಿಶ್ಚಿಂತೆಯ ನಗು. "ನಮ್ಮ ಕೇಲಿನ್ ಹೆಸರು ಹೇಳಲ್ಲ ತಮ್ಮಾ. ಮನೆತನದವಳು. ನೀವು ಬಿಷ್ಕೆಕ್‌ನೋರಿಗೆ ಅದು ಅರ್ಥ ಆಗಲ್ಲ. ಮಾಂಸ ತಗೊಳಿ, ಆರೋಗುತ್ತೆ."

ಅಧಿಕಾರಿ ತಟ್ಟೆಗೆ ಕೈ ಹಾಕಿದ. ಅಷ್ಟೇ ಉಳಿದಿತ್ತು. ಅವನು ಒಂದು ತುಂಡು ಎತ್ತಿಕೊಂಡಿದ್ದರೆ ಮಾತು ಮಳೆಗೋ ಕುದುರೆಗೋ ಹೋಗುತ್ತಿತ್ತು, ಪೆನ್ನು ಮತ್ತೆ ತಟ್ಟೆಯಿಂದ ಎದ್ದು ಬರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಎಂಟು ಊರಿಗೆ ಕಾಗದದ ತಂತಿ ತಲುಪಿರುತ್ತಿತ್ತು.

"ಬೇಶೆನಾಲಿ," ಎಂದಳು ಬುರುಲ್.

ಮೊದಲ ಸಲ ಮೆಲ್ಲಗೆ ಬಂತು. ಎರಡನೇ ಸಲ ಇಡೀ ಹೆಸರು, ಜೋರಾಗಿ. "ಬೇಶೆನಾಲಿ ಚೊಕೊಯೆವ್. ಬರ್ಕೊಳಿ."

ಅತ್ತೆಯ ಕೈಯ ಬಟ್ಟಲು ಜಾರಿ ಜಮಖಾನೆಯ ಮೇಲೆ ಉರುಳಿತು. ತಿಲೆಕ್ ಗೋಡೆಯ ಕಡೆ ಮುಖ ತಿರುಗಿಸಿದ. ಆಬಾನ ಮುಖದಿಂದ ನಗು ಹೋಗುವುದನ್ನು ಬುರುಲ್ ಅದೇ ಮೊದಲ ಸಲ ನೋಡಿದ್ದು. ಅದು ಹೋದ ಮೇಲೆ ಅಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಕುಳಿತಿದ್ದ. ಅಧಿಕಾರಿ ಹೆಸರನ್ನು ಬರೆದುಕೊಂಡ. ಕಾಗುಣಿತ ಸರಿಯೇ ಎಂದು ಕೇಳಿದ. ಉತ್ತರಕ್ಕೆ ಕಾಯದೆ ಕಡತವನ್ನು ಚೀಲಕ್ಕೆ ಹಾಕಿಕೊಂಡು ಎದ್ದ. ಆ ಚೀಲದಿಂದ ಕಡತ ಮುಂದೆ ಎಲ್ಲಿಗೆ ಹೋಯಿತು, ಯಾವ ಮೇಜಿನ ಮೇಲೆ ಧೂಳು ಹಿಡಿಯಿತು ಎಂಬುದು ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಮೂರಕ್ಕೆ ಸಹಿ ಇದೆ, ಎಂಟಕ್ಕೆ ಇಲ್ಲ.

ಊರಿನಲ್ಲಿ ಸುದ್ದಿ ಹಬ್ಬಿತು. ಯಾವ ಸುದ್ದಿ ಎಂದು ಕೇಳಿ. ಎಂಟು ಶಾಲೆಗಳ ಮಕ್ಕಳ ಹೆಸರಲ್ಲಿ ಇಲ್ಲದ ತಂತಿ ಬರೆದರು ಎಂಬುದಲ್ಲ. ಆ ಮನೆಯ ಕೇಲಿನ್ ಹಿರಿಯರ ಹೆಸರನ್ನು, ಅನ್ನದ ಮುಂದೆ, ಪರ ಊರಿನವನೆದುರು, ಎರಡು ಸಲ ಹೇಳಿದಳು ಎಂಬುದು. ಅಂಗಡಿಯಲ್ಲಿ ಹಿಟ್ಟು ತೂಗುವವಳು ತಕ್ಕಡಿ ಬಿಟ್ಟು ಅವಳ ಮುಖ ನೋಡಿದಳು. "ಛೇ, ಇಂಥ ಒಳ್ಳೇ ಮನುಷ್ಯರಿಗೆ!" ಎಂದರು ಕಚೇರಿಯವರು, ಅದೇ ಕಚೇರಿಯವರು, ಇವಳು ಛಾವಣಿ ಹತ್ತಿದಾಗ ಚಹಾ ಕುಡಿದವರು. ಮಕ್ಕಳಿಗೆ ಮೋಸವಾದರೆ ನಮಗೆ ನಾಚಿಕೆಯಾಗುವುದಿಲ್ಲ, ಮೋಸಕ್ಕೆ ಹೆಸರಿಟ್ಟರೆ ನಾಚಿಕೆಯಾಗುತ್ತದೆ.

ಮರುದಿನ ತಿಲೆಕ್‌ನಿಂದ ವ್ಯಾನಿನ ಬೀಗದ ಕೈ ಕೇಳಿ ಪಡೆದರು. ಚಪಾನ್ ಕೇಳಲಿಲ್ಲ, ಕೇಳಬಾರದು. ಬುರುಲ್ ಅದನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟಳು. ಮನೆ ಬಿಡಿ ಎಂದು ಇನ್ನೂ ಯಾರೂ ಅಂದಿಲ್ಲ. ಅದೇ ಅಂಗಳ, ಅದೇ ಎರಡು ಬಾಗಿಲು, ನಲ್ಲಿ ನೀರಿಗೆ ಬಂದಾಗ ಆಬಾನ ಮನೆಯವರು ಮುಖ ತಿರುಗಿಸುತ್ತಾರೆ. ಚೌಕಟ್ಟಿನ ಹಾಳೆ ಅಲ್ಲೇ ಕಾಡುಮೇಕೆಯ ಕೊಂಬಿನ ಪಕ್ಕದಲ್ಲಿದೆ. ಆ ಪ್ರಮಾಣಪತ್ರಕ್ಕೆ ಮೂರೇ ವರ್ಷದ ಆಯಸ್ಸು. ತಿಲೆಕ್ ಗಡಿಯಾರ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದಾನೆ. ಕೊಡಲೂ ಹೋಗುವುದಿಲ್ಲ, ಕಟ್ಟಿಕೊಳ್ಳುವುದೂ ಇಲ್ಲ.

ಅತ್ತೆ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಹಾಲಿನ ಪಾತ್ರೆ ತಿಕ್ಕುತ್ತ, ಪಾತ್ರೆಗೇ ಹೇಳುವಂತೆ ಹೇಳಿದರು.

"ನಲವತ್ತೊಂದು ವರ್ಷ. ಅವನು ಗಂಡನ ತಮ್ಮ. ನಾನು ಬಂದಾಗ ಮೂಗು ಸೋರ್ತಿತ್ತು ಅವನಿಗೆ, ನಾನೇ ಒರೆಸ್ತಿದ್ದೆ. ಒಂದ್ಸಲವೂ ಹೆಸರು ಹೇಳಿಲ್ಲ."

ಅತ್ತೆ ಇನ್ನಷ್ಟು ಬೂದಿ ತೆಗೆದುಕೊಂಡರು.

"ನಾಲಿಗೆ ಸುಡಲಿಲ್ವಾ?"

"ಸುಟ್ಟಿತು ಆಪಾ."

"ಸುಡ್ಬೇಕು." ಅತ್ತೆ ತಿಕ್ಕುತ್ತಲೇ ಇದ್ದರು. "ಇವತ್ತು ಯಾವ ವಾರ?"

ಬುರುಲ್ ಬಾಯಿ ತೆರೆದಳು. ಅಭ್ಯಾಸದಂತೆ ಶುಕ್ರವಾರದ ಹಿಂದಿನ ದಿನ ಎಂದೇ ಬಂತು. ಅತ್ತೆ ಮುಸುಮುಸು ನಕ್ಕರೋ ಬೂದಿಗೆ ಸೀನಿದರೋ ತಿಳಿಯಲಿಲ್ಲ.

ಮಧ್ಯಾಹ್ನ ಕಲಿಪಾ ಟೀಚರು ಫೋನ್ ಮಾಡಿದರು. ದಿಬ್ಬದ ಗಾಳಿ ಜೋರಾಗಿತ್ತು. ಅವರಿಗೂ ಸುದ್ದಿ ತಲುಪಿತ್ತು, ಆದರೆ ಹೆಸರಿನ ವಿಷಯ ಅವರು ಎತ್ತಲಿಲ್ಲ.

"ತಂತಿ ಬರಲ್ಲ ಅಂತಾಯ್ತು, ಅಲ್ವೇನೇ?"

"ಇಲ್ಲ ಎಜೆ. ಸದ್ಯಕ್ಕೆ ಯಾರೂ ಎಳೆಯಲ್ಲ. ನಾನೂ ಆ ಕೆಲಸದಲ್ಲಿಲ್ಲ ಈಗ."

"ಕಾಗದದಲ್ಲಿ?"

"ಕಾಗದದಲ್ಲೂ ಇಲ್ಲ. ನಿಮ್ಮೂರಿಗೆ ಏನೂ ಬಂದಿಲ್ಲ ಅಂತಾನೇ ಇದೆ."

ಗಾಳಿ ಇನ್ನೂ ಜೋರಾಯಿತು. ಲೈನು ಹೋಯಿತೆಂದು ಬುರುಲ್ ಫೋನನ್ನು ಕಿವಿಯಿಂದ ತೆಗೆಯುವಷ್ಟರಲ್ಲಿ ಟೀಚರ ದನಿ ಮತ್ತೆ ಬಂತು, ತರಗತಿಯಲ್ಲಿ ಲೆಕ್ಕ ಸರಿಬಂದಾಗ ಬರುತ್ತಿದ್ದ ಅದೇ ದನಿ.

"ಹಾಗಾದ್ರೆ ಇನ್ನೂ ಕೇಳ್ಬಹುದು. ಅರ್ಜಿ ಹೇಗೆ ಬರೀಬೇಕು ಹೇಳು, ಪೆನ್ನು ತಂದಿದೀನಿ."